ರಾತ್ರಿ ಎರಡು ಗಂಟೆಗೆ ಏಳುವವರು ಯಾರು? ಡಿಮೆನ್ಶಿಯಾ ಬಂದ ಹಿರಿಯರಿಗೆ ಮನೆ, ಸರದಿ, ಹೋಂ ನರ್ಸ್, ಆರೈಕೆ ಕೇಂದ್ರ

ನಮ್ಮ ಅತ್ತೆ ಮೂವತ್ತಮೂರು ವರ್ಷ ತೀರ್ಥಹಳ್ಳಿ ಸೀಮೆಯ ಸರ್ಕಾರಿ ಶಾಲೆಗಳಲ್ಲಿ ಮಕ್ಕಳಿಗೆ ಮಗ್ಗಿ ಕಲಿಸಿದವರು. ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ಅವರಿಗೆ ಮತ್ತೆ ಶಾಲೆ ಶುರುವಾಯಿತು. ರಾತ್ರಿ ಎರಡು ಗಂಟೆಗೆ ಎದ್ದು, ಕತ್ತಲಲ್ಲೇ ಸೀರೆ ಉಟ್ಟು, ಮುಂಬಾಗಿಲ ಚಿಲಕಕ್ಕೆ ಕೈ ಹಾಕುತ್ತಿದ್ದರು. ನಾನು ಓಡಿ ಬಂದರೆ, "ಬೆಲ್ ಹೊಡೆಯುವ ಹೊತ್ತಾಯಿತು, ಹಾಜರಿ ಪುಸ್ತಕ ಎಲ್ಲಿಟ್ಟೆ?" ಎಂದು ಗದರುತ್ತಿದ್ದರು. ಹಗಲಿನಲ್ಲಿ ಮನೆಗೆ ಬಂದ ನೆಂಟರ ಮುಂದೆ ಮಾತ್ರ ಅವರು ಅಚ್ಚುಕಟ್ಟು. ನಗುನಗುತ್ತಾ ಕಾಫಿ ಕುಡಿದು ಹೋಗುವವರು "ಅಮ್ಮ ಚೆನ್ನಾಗಿಯೇ ಇದ್ದಾರಲ್ಲ, ಅರವತ್ತಕ್ಕೆ ಅರಳುಮರಳು ಯಾರಿಗಿಲ್ಲ" ಎನ್ನುತ್ತಿದ್ದರು.

ಅವರನ್ನು ಎಲ್ಲಿ, ಹೇಗೆ ನೋಡಿಕೊಳ್ಳಬೇಕು ಎಂದು ನಮ್ಮ ಮನೆಯವರೆಲ್ಲ ಕೂತು ಮಾತನಾಡಿದ ದಿನ ಎರಡೇ ವಿಷಯ ಚರ್ಚೆಗೆ ಬಂದವು: ಪ್ರೀತಿ ಮತ್ತು ದುಡ್ಡು. ಬೆಂಗಳೂರಿನ ಭಾವ, ಹುಬ್ಬಳ್ಳಿಯ ನಾದಿನಿ, ನ್ಯೂಜೆರ್ಸಿಯಿಂದ ಫೋನಿನಲ್ಲಿದ್ದ ಮೈದುನ, ಶಿವಮೊಗ್ಗದ ನಾವು. ಎಲ್ಲರೂ ಒಳ್ಳೆಯವರೇ. ಆದರೆ ರಾತ್ರಿ ಎರಡು ಗಂಟೆಗೆ ಏಳುವವರು ಯಾರು ಎಂದು ಒಬ್ಬರೂ ಕೇಳಲಿಲ್ಲ. ಮುಂದಿನ ಆರು ವರ್ಷಗಳಲ್ಲಿ ನಾವು ಹೆಚ್ಚುಕಡಿಮೆ ಎಲ್ಲ ದಾರಿಗಳನ್ನೂ ತುಳಿದು ನೋಡಿದೆವು. ಎಲ್ಲ ದಾರಿಗಳನ್ನೂ ಅಳೆಯುವುದಕ್ಕೆ ನನಗೆ ಈಗ ಆ ಒಂದು ಪ್ರಶ್ನೆ ಸಾಕೆನಿಸುತ್ತದೆ.

ದಾರಿ ಆರಿಸುವ ಮೊದಲು ಕಾಯಿಲೆಯ ಹೆಸರು ತಿಳಿಯಲಿ

ಡಿಮೆನ್ಶಿಯಾ ಎಂಬುದು ಒಂದೇ ಕಾಯಿಲೆಯ ಹೆಸರಲ್ಲ. ಜ್ವರ ಎಂದ ಹಾಗೆ ಅದು ಮರೆವು, ಗೊಂದಲದಂಥ ಲಕ್ಷಣಗಳ ಹೆಸರು. ಅದರ ಹಿಂದೆ ಆಲ್ಜೈಮರ್ ಇರಬಹುದು, ಮಿದುಳಿನ ರಕ್ತನಾಳಗಳ ತೊಂದರೆ ಇರಬಹುದು, ಲೆವಿ ಬಾಡಿ ಕಾಯಿಲೆ ಇರಬಹುದು, ಪಾರ್ಕಿನ್ಸನ್ ಇರಬಹುದು. ಯಾವುದು ಎಂಬುದರ ಮೇಲೆ ಯಾವ ಆರೈಕೆ ಹೊಂದುತ್ತದೆ ಎನ್ನುವುದೂ ನಿಂತಿದೆ. ಆದ್ದರಿಂದ ಆಯಾಳನ್ನು ಹುಡುಕುವುದಕ್ಕೂ ಮೊದಲು ವೈದ್ಯರನ್ನು ಹುಡುಕಬೇಕು.

ಅದಕ್ಕೂ ಮೊದಲು ಇನ್ನೊಂದು ಮಾತು. ಮರೆವು, ಗೊಂದಲ ಎಂದಕೂಡಲೇ ಡಿಮೆನ್ಶಿಯಾ ಎಂದು ಕೈಚೆಲ್ಲಬೇಡಿ. ನಿನ್ನೆಯವರೆಗೆ ಸರಿಯಾಗಿದ್ದವರು ಎರಡು ಮೂರು ದಿನಗಳಲ್ಲಿ ತಡಬಡಾಯಿಸತೊಡಗಿದರೆ ಅದು ಹೆಚ್ಚಾಗಿ ಡೆಲಿರಿಯಂ ಎಂಬ ಹಠಾತ್ ಗೊಂದಲ. ಮೂತ್ರದ ಸೋಂಕು, ರಕ್ತದಲ್ಲಿ ಸೋಡಿಯಂ ಇಳಿದಿರುವುದು, ಹೊಸ ಮಾತ್ರೆ, ಮಲಬದ್ಧತೆಯೂ ಸೇರಿದಂತೆ ಅದಕ್ಕೆ ನೂರು ಕಾರಣ. ಅದು ಅದೇ ದಿನ ಆಸ್ಪತ್ರೆಗೆ ಹೋಗಬೇಕಾದ ಸಂಗತಿ. ಬಚ್ಚಲಿನಲ್ಲಿ ಜಾರಿ ಬಿದ್ದು ಕೆಲವು ವಾರಗಳ ಮೇಲೆ ಮಂಕು ಕವಿದರೆ ತಲೆಯೊಳಗೆ ನಿಧಾನವಾಗಿ ರಕ್ತ ಕಟ್ಟಿಕೊಂಡಿರಬಹುದು. ಬಿದ್ದದ್ದನ್ನು ಅವರೇ ಮರೆತಿರುತ್ತಾರೆ. ಕಾಲನ್ನು ನೆಲಕ್ಕೆ ಅಂಟಿಸಿದಂತೆ ಎಳೆದು ನಡೆಯುವುದು, ಮೂತ್ರ ತಡೆಯಲಾಗದಿರುವುದು, ಮರೆವು, ಈ ಮೂರೂ ಒಟ್ಟಿಗೆ ಕಂಡರೆ ಮಿದುಳಿನಲ್ಲಿ ನೀರು ತುಂಬಿಕೊಳ್ಳುವ ತೊಂದರೆಯನ್ನು ನರತಜ್ಞರು ಹುಡುಕುತ್ತಾರೆ. ಸಕಾಲದಲ್ಲಿ ಶಸ್ತ್ರಚಿಕಿತ್ಸೆಯಾದರೆ ಹಲವರಿಗೆ ನಡಿಗೆ ಸುಧಾರಿಸುತ್ತದೆ. ಥೈರಾಯ್ಡ್, ಬಿ 12 ವಿಟಮಿನ್ ಪರೀಕ್ಷೆ ತಪ್ಪಿಸಬೇಡಿ. ಜೀವಮಾನವಿಡೀ ಅನ್ನ, ಸಾರು ಉಂಡು, ಹಾಲು ಮೊಸರನ್ನೂ ಮಕ್ಕಳ ಪಾಲಿಗೆ ಬಿಟ್ಟ ನಮ್ಮ ಮನೆಗಳ ಹೆಂಗಸರಲ್ಲಿ ಬಿ 12 ಕಡಿಮೆ ಇರುವುದು ಆಶ್ಚರ್ಯವಲ್ಲ. ಗಂಡ ತೀರಿಕೊಂಡ ಮೇಲೆ ಮಾತು ಬಿಟ್ಟು ಮೂಲೆ ಸೇರಿದವರದು ಖಿನ್ನತೆಯೂ ಆಗಿರಬಹುದು. ಕಿವಿ ಕೇಳದವರನ್ನು ಅರಳುಮರಳು ಎಂದುಕೊಂಡ ಮನೆಗಳೂ ಇವೆ.

ನರತಜ್ಞರೋ, ಮನೋವೈದ್ಯರೋ, ಹಿರಿಯರ ಕಾಯಿಲೆಗಳ ತಜ್ಞರೋ? ನಡಿಗೆ, ನಡುಕ, ಪಾರ್ಶ್ವವಾಯು, ಮಾತಿನ ತೊಡಕು ಇದ್ದರೆ ಮೊದಲು ನರತಜ್ಞರ ಬಳಿ ಹೋಗಿ. ಸಂಶಯ, ಸಿಟ್ಟು, ನಿದ್ದೆಗೇಡು, ಇಲ್ಲದ್ದು ಕಾಣುವುದೇ ದೊಡ್ಡ ಕಷ್ಟವಾಗಿದ್ದರೆ ಮನೋವೈದ್ಯರ ಬಳಿ. ಹತ್ತು ಕಾಯಿಲೆಗೆ ಹದಿನೈದು ಮಾತ್ರೆ ನುಂಗುತ್ತಿರುವವರಿಗೆ ಹಿರಿಯರ ತಜ್ಞರೇ ಲೇಸು. ಎಷ್ಟೋ ಸಲ ಅವರು ಕೊಡುವ ದೊಡ್ಡ ಚಿಕಿತ್ಸೆಯೆಂದರೆ ನಾಲ್ಕು ಮಾತ್ರೆ ನಿಲ್ಲಿಸುವುದು. ನೆಗಡಿಗೆಂದು ಅಂಗಡಿಯಲ್ಲಿ ಕೊಳ್ಳುವ ಕೆಲವು ಮಾತ್ರೆಗಳು, ಪದೇ ಪದೇ ಮೂತ್ರ ಬರುವುದನ್ನು ತಡೆಯುವ ಕೆಲವು ಔಷಧಗಳು ಮರೆವನ್ನು ಕೆದಕುತ್ತವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರವಿಜ್ಞಾನ ವಿಭಾಗ, ಹಿರಿಯರ ಮನೋವೈದ್ಯ ಸೇವೆ ಎರಡೂ ಇವೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರ. ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆ ಸೇರಿ 2022ರಲ್ಲಿ ಆರಂಭಿಸಿದ ಕರ್ನಾಟಕ ಮಿದುಳು ಆರೋಗ್ಯ ಯೋಜನೆಯಡಿ ಜಿಲ್ಲಾ ಆಸ್ಪತ್ರೆಗಳಲ್ಲೂ ಇಂಥ ಕ್ಲಿನಿಕ್‌ಗಳು ತೆರೆಯತೊಡಗಿವೆ. ರಾಜಧಾನಿಗೆ ಕಾರು ಮಾಡಿಕೊಂಡು ಹೋಗುವ ಮೊದಲು ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ಒಮ್ಮೆ ವಿಚಾರಿಸಿ. ಮತ್ತೆ, ನೆನಪಿನ ಶಕ್ತಿಯ ಪರೀಕ್ಷೆ ಕನ್ನಡದಲ್ಲೇ ನಡೆಯಲಿ ಎಂದು ಕೇಳಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸಿದ್ಧಪಡಿಸಿದ ಪರೀಕ್ಷೆಗಳ ಗುಚ್ಛವೂ ಕನ್ನಡದಲ್ಲಿದೆ. ನಮ್ಮ ಅತ್ತೆಯನ್ನು ಮೊದಲು ನೋಡಿದ ಕಡೆ ಇಂಗ್ಲಿಷ್ ಪದಗಳನ್ನು ಹೇಳಿ ನೆನಪಿಡಿ ಎಂದರು. ಅವರು ಮರೆತದ್ದು ಕಾಯಿಲೆಯಿಂದಲೋ ಭಾಷೆಯಿಂದಲೋ ಎಂದು ಯಾರು ಹೇಳಬೇಕು?

ಯಾವ ಬಗೆಗೆ ಯಾವ ಬಗೆಯ ರಾತ್ರಿ

ಆಲ್ಜೈಮರ್‌ನಲ್ಲಿ ಹೊಸ ನೆನಪು ಮೊದಲು ಹೋಗುತ್ತದೆ. ಬೆಳಗಿನ ತಿಂಡಿ ನೆನಪಿಲ್ಲ, ಐವತ್ತು ವರ್ಷ ಹಿಂದಿನ ಜಾತ್ರೆ ನೆನಪಿದೆ. ಇಳಿಜಾರು ನಿಧಾನ, ಆದ್ದರಿಂದ ಕುಟುಂಬಕ್ಕೆ ಯೋಚಿಸಲು ಸಮಯ ಸಿಗುತ್ತದೆ. ಇವರಿಗೆ ಅಭ್ಯಾಸವೇ ಊರುಗೋಲು, ಜಾಗ ಬದಲಾದರೆ ಊರುಗೋಲು ಕಿತ್ತುಕೊಂಡಂತೆ. ಸೂರ್ಯ ಇಳಿದಂತೆ ಕಳವಳ ಏರುತ್ತದೆ, "ನಮ್ಮ ಮನೆಗೆ ಹೋಗೋಣ" ಎಂಬ ಹಟ ಶುರುವಾಗುತ್ತದೆ, ಅವರು ತಮ್ಮ ಮನೆಯಲ್ಲೇ ಕೂತಿದ್ದರೂ.

ರಕ್ತನಾಳದ ಡಿಮೆನ್ಶಿಯಾ ಹಲವರಲ್ಲಿ ಮೆಟ್ಟಿಲು ಇಳಿದಂತೆ. ಕೆಲವು ತಿಂಗಳು ಹಾಗೇ ಇದ್ದು, ಒಂದು ಸಣ್ಣ ಪಾರ್ಶ್ವವಾಯು ಬಡಿದು, ಒಂದೇ ಸಲಕ್ಕೆ ಕೆಳಗೆ. ಇಲ್ಲಿ ರಕ್ತದೊತ್ತಡ, ಸಕ್ಕರೆಯ ನಿಗಾ ಆರೈಕೆಯ ಅರ್ಧ ಭಾಗ. ನೋಡಿಕೊಳ್ಳುವವರಿಗೆ ಮಾತ್ರೆ ಕೊಡುವ ಶಿಸ್ತು ಇರಲೇಬೇಕು, ಎತ್ತಿ ಕೂರಿಸುವ ರಟ್ಟೆಯೂ ಬೇಕು.

ಲೆವಿ ಬಾಡಿ ಕಾಯಿಲೆಯ ಬಗ್ಗೆ ಕೊಂಚ ನಿಂತು ಹೇಳಬೇಕು, ಏಕೆಂದರೆ ಅಪಾಯ ಇಲ್ಲಿ ಹೆಚ್ಚು. ಕೋಣೆಯ ಮೂಲೆಯಲ್ಲಿ ಮಕ್ಕಳು ಆಡುತ್ತಿದ್ದಾರೆ, ಗೋಡೆಯ ಮೇಲೆ ಇಲಿ ಓಡುತ್ತಿದೆ ಎಂದು ಸ್ಪಷ್ಟವಾಗಿ ಕಾಣುತ್ತದೆ. ಒಂದು ಗಂಟೆ ಚುರುಕು, ಮರುಗಂಟೆ ಮಂಕು. ಮೈ ಬಿಗಿ, ನಡಿಗೆ ನಿಧಾನ. ಎಷ್ಟೋ ವರ್ಷ ಮೊದಲೇ ನಿದ್ದೆಯಲ್ಲಿ ಕೂಗುವುದು, ಕೈಕಾಲು ಬೀಸುವುದು ಶುರುವಾಗಿರುತ್ತದೆ. ಇಂಥವರಿಗೆ ಗಲಾಟೆ ತಡೆಯಲೆಂದು ಹ್ಯಾಲೊಪೆರಿಡಾಲ್‌ನಂಥ ಔಷಧ ಕೊಟ್ಟರೆ ಮೈ ಮರಗಟ್ಟಿ ಪ್ರಾಣಕ್ಕೇ ಕುತ್ತು ಬರಬಹುದು. ಎಲ್ಲೇ ಸೇರಿಸಿ, ಯಾರನ್ನೇ ನೇಮಿಸಿ, ಈ ಒಂದು ಸಾಲನ್ನು ಅವರ ಕಡತದ ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ ಬರೆಸಿ. ಪಾರ್ಕಿನ್ಸನ್ ಬಂದು ವರ್ಷಗಳ ಮೇಲೆ ಮರೆವು ಸೇರಿಕೊಂಡವರಿಗೂ ಇದೇ ಎಚ್ಚರಿಕೆ. ಜೊತೆಗೆ ಅವರ ಮಾತ್ರೆಗಳ ಗಂಟೆ ತಪ್ಪಬಾರದು.

ಮುಂಭಾಗದ ಮಿದುಳು ಸವೆಯುವ ಬಗೆಯಲ್ಲಿ ಮೊದಲು ಹೋಗುವುದು ನೆನಪಲ್ಲ, ಸಂಕೋಚ. ಐವತ್ತು ಅರವತ್ತರ ಆಸುಪಾಸಿನಲ್ಲೇ ಗಂಭೀರ ಸ್ವಭಾವದ ಮನುಷ್ಯ ಮದುವೆಮನೆಯಲ್ಲಿ ಬೇರೆಯವರ ಎಲೆಗೆ ಕೈ ಹಾಕುತ್ತಾನೆ, ಸಿಕ್ಕಿದವರಿಗೆ ದುಡ್ಡು ಕೊಡುತ್ತಾನೆ. ಊರಿನವರು ಚಾರಿತ್ರ್ಯದ ಬಗ್ಗೆ ಮಾತನಾಡುತ್ತಾರೆ. ದೇಹ ಗಟ್ಟಿ, ವಯಸ್ಸು ಕಡಿಮೆ. ಒಬ್ಬ ಆಯಾಳ ಕೈಯಲ್ಲಿ ಇವರನ್ನು ಸಂಭಾಳಿಸಲಾಗದು. ಸಾಮಾನ್ಯ ವೃದ್ಧಾಶ್ರಮವೂ ಒಪ್ಪುವುದಿಲ್ಲ.

ಒಬ್ಬರ ಮನೆಯಲ್ಲೇ, ಮನೆಯವರೇ

2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನದ ಅಂದಾಜಿನಂತೆ ನಮ್ಮ ದೇಶದಲ್ಲಿ ಅರವತ್ತು ದಾಟಿದವರಲ್ಲಿ ಶೇಕಡಾ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ ಇದೆ. ಇವರಲ್ಲಿ ಬಹುಪಾಲು ಜನ ಇರುವುದು ಮನೆಯಲ್ಲೇ. ಅದು ಆರಿಸಿಕೊಂಡ ದಾರಿಗಿಂತ ಹೆಚ್ಚಾಗಿ ಬೇರೆ ದಾರಿ ಇಲ್ಲದ್ದರಿಂದ. 'ಮನೆಯವರು' ಎಂಬ ಮಾತನ್ನು ಬಿಡಿಸಿ ನೋಡಿದರೆ ಒಬ್ಬಳೇ ಹೆಂಗಸು ಸಿಗುತ್ತಾಳೆ: ಹೆಂಡತಿ, ಸೊಸೆ, ಅಥವಾ ಮದುವೆಯಾಗದ ಮಗಳು.

ಈ ದಾರಿಯ ಲಾಭ ಸಣ್ಣದಲ್ಲ. ಕಾಫಿಯ ಲೋಟ ಅದೇ, ದೇವರ ಮನೆಯ ದಿಕ್ಕು ಅದೇ, ಹಿತ್ತಲ ದಾಸವಾಳ ಅದೇ. ಆರಂಭದ ಒಂದೆರಡು ವರ್ಷಗಳಿಗೆ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಮನೆಯನ್ನು ಸ್ವಲ್ಪ ತಿದ್ದಬೇಕು, ಅಷ್ಟೇ. ಬಚ್ಚಲಿನ ಒಳಚಿಲಕ ತೆಗೆಸಿ. ಮುಂಬಾಗಿಲಿಗೆ ಕಣ್ಣಿನ ಮಟ್ಟದಲ್ಲಿಲ್ಲದ ಇನ್ನೊಂದು ಚಿಲಕ ಹಾಕಿಸಿ. ರಾತ್ರಿ ಸಿಲಿಂಡರ್‌ನ ರೆಗ್ಯುಲೇಟರ್ ಆಫ್ ಮಾಡಿ. ಕಪ್ಪು ಕಾಲೊರಸು ಅವರಿಗೆ ಗುಂಡಿಯಂತೆ ಕಾಣಬಹುದು, ದಾಟಲು ಹೆದರುತ್ತಾರೆ, ಅದನ್ನು ಎತ್ತಿಡಿ. ಹೆಸರು, ಫೋನ್ ಸಂಖ್ಯೆ ಕೊರೆಸಿದ ಬಳೆ ಅಥವಾ ಪದಕ ಮೈಮೇಲಿರಲಿ. ಪ್ರತಿ ಹಬ್ಬಕ್ಕೂ ಒಂದು ಹೊಸ ಫೋಟೊ ತೆಗೆದಿಡಿ. ಕಾಣೆಯಾದ ದಿನ ಪೊಲೀಸರಿಗೆ ಕೊಡಲು ಇಪ್ಪತ್ತು ವರ್ಷ ಹಿಂದಿನ ಮದುವೆ ಫೋಟೊ ಬಿಟ್ಟು ಬೇರೆ ಇಲ್ಲ ಎನ್ನುವ ಪರಿಸ್ಥಿತಿ ಬೇಡ.

ನಷ್ಟ ಎಲ್ಲಿದೆ? ರಾತ್ರಿಯಲ್ಲಿ. ವಾರಕ್ಕೆ ಒಂದು ರಾತ್ರಿ ನಿದ್ದೆಗೆಟ್ಟರೆ ತಡೆದುಕೊಳ್ಳಬಹುದು. ಮೂರು ನಾಲ್ಕು ರಾತ್ರಿಯಾದರೆ ಎರಡನೆಯ ರೋಗಿ ತಯಾರಾಗುತ್ತಿದ್ದಾಳೆ ಎಂದು ಅರ್ಥ. ನನಗೆ ರಕ್ತದೊತ್ತಡದ ಮಾತ್ರೆ ಶುರುವಾದದ್ದು ಮೂರನೆಯ ವರ್ಷ. ಒಂದು ಸಲ ಅತ್ತೆಯ ಕೈಯನ್ನು ಬೇಕೆಂದೇ ಬಿಗಿಯಾಗಿ ಹಿಡಿದು ಜಗ್ಗಿದೆ. ಅವರು ಚಿಕ್ಕ ಹುಡುಗಿಯಂತೆ ನನ್ನ ಮುಖ ನೋಡಿದರು. ಮನೆಯಲ್ಲೇ ನೋಡಿಕೊಳ್ಳುವ ದಾರಿ ಮುಗಿಯಿತು ಎಂದು ಗೊತ್ತಾದದ್ದು ಅವತ್ತು. ಗೊತ್ತಾದರೂ ಇನ್ನೂ ಒಂದು ವರ್ಷ ಎಳೆದೆವು, ಜನ ಏನೆಂದಾರು ಎಂದು.

ಸರದಿ: ಎಲ್ಲರಿಗೂ ನ್ಯಾಯ, ಅಮ್ಮನಿಗೆ ಬಿಟ್ಟು

ಮೂರು ತಿಂಗಳು ಒಬ್ಬರ ಮನೆ, ಮೂರು ತಿಂಗಳು ಇನ್ನೊಬ್ಬರ ಮನೆ. ಮಕ್ಕಳ ಲೆಕ್ಕದಲ್ಲಿ ಇದು ತಕ್ಕಡಿ ತೂಗಿದಂತೆ ಸರಿ. ಆದರೆ ನಾನು ಕಂಡ ದಾರಿಗಳಲ್ಲೆಲ್ಲ ಇದೇ ಕೆಟ್ಟದ್ದು. ಶಿವಮೊಗ್ಗದ ಮನೆಯಲ್ಲಿ ಬಚ್ಚಲು ಎಡಕ್ಕೆ, ಬೆಂಗಳೂರಿನ ಫ್ಲ್ಯಾಟಿನಲ್ಲಿ ಬಲಕ್ಕೆ. ಶಿವಮೊಗ್ಗದಲ್ಲಿ ತಾನಾಗಿ ಹೋಗಿ ಬರುತ್ತಿದ್ದ ಅತ್ತೆ ಬೆಂಗಳೂರಿಗೆ ಹೋದ ನಾಲ್ಕನೆಯ ದಿನಕ್ಕೆ ಡೈಪರ್ ಹಾಕುವಂತಾದರು. ಹಿಂತಿರುಗಿ ಬಂದ ಮೇಲೂ ಆ ಡೈಪರ್ ಬಿಡಿಸಲಾಗಲಿಲ್ಲ. ಒಮ್ಮೆ ಕಳೆದುಕೊಂಡ ಅಭ್ಯಾಸ ಹೆಚ್ಚಾಗಿ ತಿರುಗಿ ಬರುವುದಿಲ್ಲ. ವೈದ್ಯರೂ ಬದಲಾಗುತ್ತಾರೆ, ಮಾತ್ರೆಗಳ ಪಟ್ಟಿ ಎರಡಾಗುತ್ತದೆ.

ನ್ಯಾಯ ಹಂಚಿಕೊಳ್ಳಬೇಕೆಂದರೆ ಹಿರಿಯರು ಓಡಾಡುವ ಬದಲು ಮಕ್ಕಳು ಓಡಾಡಲಿ. ಅಮ್ಮ ಒಂದೇ ಕಡೆ ಇರಲಿ, ನಾದಿನಿಯೋ ಭಾವನೋ ಹದಿನೈದು ದಿನ ರಜೆ ಹಾಕಿ ಬಂದು ಆ ಮನೆಯಲ್ಲೇ ಇದ್ದು ನೋಡಿಕೊಳ್ಳಲಿ, ಆ ಮನೆಯ ಸೊಸೆ ತವರಿಗೆ ಹೋಗಿ ಮಲಗಿ ಎದ್ದು ಬರಲಿ. ನಮ್ಮ ನಾದಿನಿ ಒಮ್ಮೆ ಹೀಗೆ ಬಂದು ಹನ್ನೊಂದು ದಿನ ಇದ್ದಳು. ಅಲ್ಲಿಯವರೆಗೆ ಫೋನಿನಲ್ಲಿ "ಅಮ್ಮನಿಗೆ ಸ್ವಲ್ಪ ತಾಳ್ಮೆಯಿಂದ ಹೇಳಬೇಕು ಅತ್ತಿಗೆ" ಎನ್ನುತ್ತಿದ್ದವಳು ಆಮೇಲೆ ಹಾಗೆ ಹೇಳಲಿಲ್ಲ.

ಮನೆಗೆ ಬರುವ ಕೈ

ಹೋಂ ನರ್ಸ್ ಎಂದು ನಾವು ಕರೆಯುವವರಲ್ಲಿ ಹೆಚ್ಚಿನವರು ನರ್ಸ್‌ಗಳಲ್ಲ. ಸ್ನಾನ, ಊಟ, ಬಟ್ಟೆ, ಓಡಾಟಕ್ಕೆ ಆಯಾ ಸಾಕು. ಮೂಗಿನ ಕೊಳವೆ, ಮೂತ್ರದ ಕೊಳವೆ, ಇನ್ಸುಲಿನ್, ಹಾಸಿಗೆ ಹುಣ್ಣು ಇದ್ದರೆ ತರಬೇತಾದ ನರ್ಸ್ ಬೇಕು. ಎರಡಕ್ಕೂ ದರ ಬೇರೆ. ಆಯಾ ಸಾಕಾಗುವ ಕಡೆ ನರ್ಸ್ ದರ ಕೊಡಬೇಡಿ. ನರ್ಸ್ ಬೇಕಾದ ಕಡೆ ಆಯಾಳ ಕೈಗೆ ಸೂಜಿ ಕೊಡಲೂ ಬೇಡಿ.

ಏಜೆನ್ಸಿಯೋ, ಊರಿನ ಗುರುತಿನವರೋ? ಏಜೆನ್ಸಿಯವರು ರಜೆ ಹಾಕಿದರೆ ಬದಲಿ ಕಳಿಸುತ್ತೇವೆ ಎನ್ನುತ್ತಾರೆ. ಕಳಿಸುತ್ತಾರೆ ಕೂಡ. ತೊಂದರೆಯೇ ಅದು. ನಾವು ಹಿಡಿದ ಒಂದು ಏಜೆನ್ಸಿ ನಾಲ್ಕು ತಿಂಗಳಲ್ಲಿ ಏಳು ಮುಖ ಕಳಿಸಿತು. ಪ್ರತಿಯೊಂದು ಹೊಸ ಮುಖವೂ ಅತ್ತೆಗೆ ಮನೆ ಹೊಕ್ಕ ಕಳ್ಳಿ. ಕೊನೆಗೆ ಸಿಕ್ಕವಳು ಅತ್ತೆಯ ಹಳೆಯ ಶಾಲೆಯ ಅಡುಗೆಯವಳ ಮಗಳು, ನಲವತ್ತರ ಹೆಂಗಸು. ತರಬೇತಿ ಏನೂ ಇರಲಿಲ್ಲ. ಆದರೆ "ಟೀಚರ್, ಮಕ್ಕಳೆಲ್ಲ ಇನ್ನೂ ಬಂದಿಲ್ಲ, ಮಳೆ ಬರುತ್ತಿದೆ, ಸ್ವಲ್ಪ ಹೊತ್ತು ಮಲಗಿ" ಎಂದು ಅವಳು ಹೇಳಿದರೆ ಅತ್ತೆ ಮಲಗುತ್ತಿದ್ದರು. ನಾನು ಮೂರು ವರ್ಷ "ಶಾಲೆ ಇಲ್ಲ, ನೀವು ನಿವೃತ್ತರಾಗಿದ್ದೀರಿ" ಎಂದು ಸತ್ಯ ಹೇಳಿ ಜಗಳ ಮಾಡಿದ್ದೆ.

ಇಪ್ಪತ್ತನಾಲ್ಕು ಗಂಟೆಯ ಆಯಾ ಎಂಬ ಮಾತನ್ನು ನಂಬಬೇಡಿ. ಇಪ್ಪತ್ತನಾಲ್ಕು ಗಂಟೆ ಎಚ್ಚರವಿರುವ ಮನುಷ್ಯರಿಲ್ಲ. ಹಿರಿಯರು ರಾತ್ರಿ ಮಲಗುವವರಾದರೆ ಮನೆಯಲ್ಲೇ ಉಳಿಯುವ ಒಬ್ಬರು ಸಾಕು. ರಾತ್ರಿ ತಿರುಗುವವರಾದರೆ ಹಗಲಿಗೊಬ್ಬರು, ರಾತ್ರಿಗೊಬ್ಬರು ಬೇಕು. ಇಬ್ಬರಲ್ಲಿ ಒಬ್ಬರಿಗಷ್ಟೇ ಸಂಬಳ ಕೊಡುವ ಶಕ್ತಿಯಿದ್ದರೆ ರಾತ್ರಿಯವರನ್ನೇ ಇಟ್ಟುಕೊಳ್ಳಿ. ಬಹುತೇಕ ಮನೆಗಳು ಇದನ್ನು ತಿರುವುಮುರುವು ಮಾಡುತ್ತವೆ, ಹಗಲು ಕೆಲಸ ಕಣ್ಣಿಗೆ ಕಾಣುತ್ತದೆ ಎಂಬ ಕಾರಣಕ್ಕೆ. ವಾರದ ರಜೆ, ಅವಳಿಗೊಂದು ಸರಿಯಾದ ಮಲಗುವ ಜಾಗ, ನಾವು ತಿನ್ನುವುದೇ ಅವಳಿಗೂ ಊಟ ಎಂಬುದನ್ನು ಮೊದಲ ದಿನವೇ ಮಾತಾಡಿಕೊಳ್ಳಿ. ಆಧಾರ್ ಪ್ರತಿ ಪಡೆದು ಪೊಲೀಸ್ ಪರಿಶೀಲನೆ ಮಾಡಿಸಿ, ಅತ್ತೆಯ ಬಂಗಾರವನ್ನು ಲಾಕರಿಗೆ ಹಾಕಿ. "ನನ್ನ ಸರ ಕದ್ದಳು" ಎಂಬ ಆರೋಪ ಈ ಕಾಯಿಲೆಯಲ್ಲಿ ಸಾಮಾನ್ಯ. ಸರ ಲಾಕರಿನಲ್ಲಿದ್ದರೆ ಆಯಾ ಪಾರಾಗುತ್ತಾಳೆ.

ಹೊರದೇಶದಲ್ಲಿರುವ ಮಕ್ಕಳಿಗೆ ಒಂದು ಮಾತು. ಕ್ಯಾಮೆರಾ ಹಾಕಿಸಿ, ಬೇಡವೆನ್ನುವುದಿಲ್ಲ. ಆದರೆ ನ್ಯೂಜೆರ್ಸಿಯ ಹಗಲಿನಲ್ಲಿ ಕೂತು ಇಲ್ಲಿಯ ನಡುರಾತ್ರಿಗೆ "ಅಮ್ಮ ಹೊದಿಕೆ ಎಸೆದಿದ್ದಾಳೆ" ಎಂದು ಫೋನ್ ಮಾಡುವುದು ಆರೈಕೆಯಲ್ಲ. ನಮ್ಮ ಮೈದುನ ಕೊನೆಗೆ ಮಾಡಿದ ಒಳ್ಳೆಯ ಕೆಲಸವೆಂದರೆ ರಾತ್ರಿ ಆಯಾಳ ಸಂಬಳವನ್ನು ಪೂರ್ತಿ ತಾನೇ ವಹಿಸಿಕೊಂಡದ್ದು.

ಹಗಲು ಆರೈಕೆ ಕೇಂದ್ರ

ಬೆಳಿಗ್ಗೆ ಬಿಟ್ಟು ಸಂಜೆ ಕರೆತರುವ ಕೇಂದ್ರಗಳು ಬೆಂಗಳೂರಿನಲ್ಲಿ ಕೆಲವಿವೆ, ಬೇರೆ ಊರುಗಳಲ್ಲಿ ಅಪರೂಪ. ಆರಂಭ ಮತ್ತು ನಡುಹಂತದ, ನಡೆದಾಡುವ, ಜನರ ನಡುವೆ ಕೂರಬಲ್ಲ ಹಿರಿಯರಿಗೆ ಇದು ತುಂಬ ಹೊಂದುತ್ತದೆ. ಹಾಡು, ಹೂ ಕಟ್ಟುವುದು, ಕಾಳು ಹಸನು ಮಾಡುವುದು, ಸ್ವಲ್ಪ ವ್ಯಾಯಾಮ. ಬೆಳಿಗ್ಗೆ ಕುರ್ಚಿಯಲ್ಲಿ ತೂಕಡಿಸಿದವರೇ ರಾತ್ರಿ ಎದ್ದು ಕೂರುವುದು. ಹಗಲು ಚಟುವಟಿಕೆಯಿದ್ದರೆ ರಾತ್ರಿ ನಿದ್ದೆ ಬರುತ್ತದೆ. ಹಗಲಿಗೆ ಕೊಟ್ಟ ಹಣ ರಾತ್ರಿಗೆ ದಕ್ಕುವ ಏಕೈಕ ದಾರಿ ಇದು. ಆದರೆ ಸಂಚಾರ ದಟ್ಟಣೆಯಲ್ಲಿ ಒಂದೂವರೆ ಗಂಟೆ ವ್ಯಾನಿನಲ್ಲಿ ಕೂರಿಸಬೇಕಾದರೆ ಲಾಭವೆಲ್ಲ ಸೋರಿಹೋಗುತ್ತದೆ. ಅರ್ಧ ಗಂಟೆಗಿಂತ ದೂರವಿದ್ದರೆ ಯೋಚಿಸಿ.

ಉಳಿಯುವ ಕೇಂದ್ರ, ಮತ್ತು ವೃದ್ಧಾಶ್ರಮ ಅದಲ್ಲ

ಈ ಎರಡನ್ನು ಒಂದೇ ಎಂದು ತಿಳಿದು ನಾವು ಎರಡು ತಿಂಗಳು ಕಳೆದುಕೊಂಡೆವು. ಸಾಮಾನ್ಯ ವೃದ್ಧಾಶ್ರಮ ತಮ್ಮ ಕೆಲಸ ತಾವು ಮಾಡಿಕೊಳ್ಳಬಲ್ಲ ಹಿರಿಯರಿಗಾಗಿ ಇರುವಂಥದ್ದು. ಮರೆವಿನವರನ್ನು ಹಲವು ಕಡೆ ಸೇರಿಸಿಕೊಳ್ಳುವುದಿಲ್ಲ. ವಿಷಯ ಮುಚ್ಚಿಟ್ಟು ಸೇರಿಸಿದರೆ ವಾರದೊಳಗೆ "ಕರೆದುಕೊಂಡು ಹೋಗಿ" ಎಂಬ ಫೋನ್ ಬರುತ್ತದೆ. ನಮಗೂ ಬಂತು. ತಪ್ಪು ನಮ್ಮದೇ. ಡಿಮೆನ್ಶಿಯಾಕ್ಕೆಂದೇ ಇರುವ ಕೇಂದ್ರ ಬೇರೆ. ಬೆಂಗಳೂರಿನ ಕಸ್ತೂರಿನಗರದಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ನಡೆಸುವ ಕೇಂದ್ರ ಅಂಥದ್ದು. 1992ರಲ್ಲಿ ಕೇರಳದಲ್ಲಿ ಹುಟ್ಟಿದ ಆಲ್ಜೈಮರ್ ಮತ್ತು ಸಂಬಂಧಿತ ಕಾಯಿಲೆಗಳ ಸಂಘಕ್ಕೆ ಬೆಂಗಳೂರಿನಲ್ಲೂ ಶಾಖೆಯಿದೆ. ಹತ್ತಿರದಲ್ಲಿ ಏನಿದೆ ಎಂದು ಅಲ್ಲಿ ವಿಚಾರಿಸಬಹುದು. ಹಿರಿಯರ ಸಹಾಯವಾಣಿ 14567ಕ್ಕೂ ಕರೆ ಮಾಡಬಹುದು. ನೋಡಿಕೊಳ್ಳುವವರಿಗೇ ಮನಸ್ಸು ಕುಸಿದರೆ ಟೆಲಿ ಮಾನಸ್ 14416, ಕನ್ನಡದಲ್ಲೂ ಮಾತನಾಡುತ್ತಾರೆ.

ಕೇಂದ್ರ ನೋಡಲು ಹನ್ನೊಂದು ಗಂಟೆಗೆ ಹೋಗಬೇಡಿ. ಆಗ ಎಲ್ಲ ಕೇಂದ್ರಗಳೂ ಚೆನ್ನಾಗಿರುತ್ತವೆ. ಸಂಜೆ ಏಳರ ಮೇಲೆ ಹೋಗಿ. ರಾತ್ರಿ ಪಾಳಿಯಲ್ಲಿ ಎಷ್ಟು ಜನರಿಗೆ ಎಷ್ಟು ಜನ ಎಂದು ಕೇಳಿ, ಕೇಳಿದ್ದನ್ನು ನಂಬದೆ ಎಣಿಸಿ. ಕುರ್ಚಿಗೆ ಬಟ್ಟೆಯಲ್ಲಿ ಕಟ್ಟಿದವರು ಯಾರಾದರೂ ಇದ್ದಾರೆಯೇ ನೋಡಿ. ಎಲ್ಲರೂ ಏಳು ಗಂಟೆಗೇ ಮಲಗಿದ್ದರೆ ಅದು ಶಾಂತಿಯಲ್ಲ, ಮಾತ್ರೆ. ನಿದ್ದೆ ಮಾತ್ರೆ ಹೆಚ್ಚಿಸುವ ಮೊದಲು ಮನೆಯವರನ್ನು ಕೇಳುತ್ತೀರಾ ಎಂದು ಲಿಖಿತವಾಗಿ ತಿಳಿದುಕೊಳ್ಳಿ. ಮೂತ್ರದ ವಾಸನೆ ಸ್ವಲ್ಪ ಇರುತ್ತದೆ. ಫಿನಾಯಿಲ್ ವಾಸನೆ ಮೂಗು ಒಡೆಯುವಂತಿದ್ದರೆ ಅನುಮಾನಿಸಿ. ಬಾಗಿಲಿಗೆ ಬೀಗ ಇರಬೇಕು, ಆದರೆ ಓಡಾಡಲು ಅಂಗಳವೂ ಇರಬೇಕು. ತಿಂಗಳ ಶುಲ್ಕದಲ್ಲಿ ಡೈಪರ್, ಔಷಧ, ವೈದ್ಯರ ಭೇಟಿ, ಆಸ್ಪತ್ರೆಗೆ ಒಯ್ದರೆ ಜೊತೆಗಿರುವ ಆಯಾಳ ಸಂಬಳ ಸೇರಿದೆಯೇ ಎಂದು ಒಂದೊಂದಾಗಿ ಕೇಳಿ. ಠೇವಣಿ ಹಿಂತಿರುಗುವುದು ಯಾವಾಗ ಎಂಬುದನ್ನೂ.

ಭಾಷೆ. ಇದನ್ನು ಯಾರೂ ಕೇಳುವುದಿಲ್ಲ, ನಾನು ಮೊದಲು ಕೇಳುತ್ತೇನೆ. ನಗರದ ಕೇಂದ್ರಗಳಲ್ಲಿ ಆಯಾಗಳು ಹಲವರು ಬೇರೆ ರಾಜ್ಯದಿಂದ ಬಂದವರು. ಕೆಲಸದಲ್ಲಿ ನಿಪುಣರು, ಪ್ರೀತಿಯವರು, ಆದರೆ "ಬಾಯಾರಿಕೆ" ಎಂಬ ಪದ ತಿಳಿಯದು. ಈ ಕಾಯಿಲೆಯಲ್ಲಿ ಕಲಿತ ಭಾಷೆಗಳು ಮೊದಲು ಉದುರಿ, ಹುಟ್ಟಿನ ಭಾಷೆ ಕೊನೆಗೆ ಉಳಿಯುವುದು ಸಾಮಾನ್ಯ. ಅರವತ್ತು ವರ್ಷ ಕನ್ನಡದಲ್ಲೇ ಬಾಳಿದ ಮಂಗಳೂರಿನ ಅಜ್ಜಿ ತುಳುವಿಗೋ ಕೊಂಕಣಿಗೋ ಮರಳಬಹುದು. ಪಾಳಿಗೊಬ್ಬರಾದರೂ ಅವರ ಭಾಷೆಯವರು ಬೇಕು. ಭಾಷೆಯ ಮಾತು ಬಂತು ಎಂದು ಒಂದು ಸಂಗತಿ: ಈಗ ನಿಮ್ಹಾನ್ಸ್‌ನಲ್ಲಿರುವ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ರೋಗಿಗಳನ್ನು ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದ ಪ್ರಕಾರ, ಎರಡು ಭಾಷೆ ಬಲ್ಲವರಲ್ಲಿ ಡಿಮೆನ್ಶಿಯಾ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು, ಅಕ್ಷರ ಬಾರದವರಲ್ಲಿಯೂ.

ಒಂದೇ ಸಲಕ್ಕೆ ಶಾಶ್ವತವಾಗಿ ಬಿಡಬೇಕೆಂದಿಲ್ಲ. ಹದಿನೈದು ದಿನ, ಒಂದು ತಿಂಗಳು ಇರಿಸಿಕೊಳ್ಳುವ ಕೇಂದ್ರಗಳಿವೆ. ನೋಡಿಕೊಳ್ಳುವವರಿಗೆ ಶಸ್ತ್ರಚಿಕಿತ್ಸೆ, ಮಗಳ ಬಾಣಂತನ, ಅಥವಾ ಬರೀ ನಿದ್ದೆ, ಇವೆಲ್ಲವೂ ತಕ್ಕ ಕಾರಣಗಳೇ. ಸರದಿಯಂತೆ ಇಲ್ಲೂ ಜಾಗ ಬದಲಾಗುತ್ತದೆ, ಆ ನಷ್ಟ ಇದ್ದೇ ಇದೆ. ಆದರೆ ರಾತ್ರಿ ಎಚ್ಚರವಿರುವವರು ಸಂಬಳ ಪಡೆದು, ಹಗಲು ಮಲಗಿ ಬಂದವರು ಎಂಬ ವ್ಯತ್ಯಾಸವಿದೆ.

ಹಾಗಾದರೆ ಯಾವುದು?

ಹಿರಿಯರು ರಾತ್ರಿ ಮಲಗುತ್ತಾರೆ, ಮನೆಯಲ್ಲಿ ಇಬ್ಬರಾದರೂ ಕೈ ಬದಲಾಯಿಸುವವರಿದ್ದಾರೆ ಎಂದರೆ ಮನೆಯೇ ಸರಿ, ಹತ್ತಿರದಲ್ಲಿ ಹಗಲು ಕೇಂದ್ರವಿದ್ದರೆ ಇನ್ನೂ ಸರಿ. ರಾತ್ರಿ ತಿರುಗುತ್ತಾರೆ, ದುಡ್ಡಿದೆ ಎಂದರೆ ಮನೆ ಮತ್ತು ರಾತ್ರಿಯ ಆಯಾ. ಹೊಡೆಯುತ್ತಾರೆ, ಓಡಿಹೋಗುತ್ತಾರೆ, ಲೆವಿ ಬಾಡಿಯಂತೆ ಗಂಟೆಗಂಟೆಗೆ ಬದಲಾಗುತ್ತಾರೆ, ಅಥವಾ ಎಂಬತ್ತರ ಅಜ್ಜನನ್ನು ಎಪ್ಪತ್ತೈದರ ಅಜ್ಜಿ ಒಬ್ಬಳೇ ಎತ್ತುತ್ತಿದ್ದಾಳೆ ಎಂದರೆ ಕೇಂದ್ರವೇ ಸರಿ. ಮಗನಾಗಿ ಸೋತೆನೇ ಎಂಬ ಪ್ರಶ್ನೆ ಅಲ್ಲಿ ಅಪ್ರಸ್ತುತ. ಹಾಸಿಗೆ ಹಿಡಿದ ಕೊನೆಯ ಹಂತದಲ್ಲಿ ಓಡಾಟವಿಲ್ಲ, ಗಲಾಟೆಯಿಲ್ಲ. ಆಗ ಮನೆಗೆ ವಾಪಸು ಕರೆತರುವುದೂ ಸಾಧ್ಯ, ಎಷ್ಟೋ ಜನ ಇದನ್ನು ಯೋಚಿಸುವುದೇ ಇಲ್ಲ.

ಕಾಗದಪತ್ರದ ಕೆಲಸವನ್ನು ಮಾತ್ರ ಯಾವ ದಾರಿಯಾದರೂ ಮೊದಲೇ ಮುಗಿಸಿ. ಹಿರಿಯರಿಗೆ ತಿಳಿವಳಿಕೆ ಇರುವಾಗಲೇ ವಿಲ್, ಜಂಟಿ ಖಾತೆ, ನಾಮಿನಿ ಆಗಲಿ. ಮುಖ್ತಾರುನಾಮೆ (ಪವರ್ ಆಫ್ ಅಟಾರ್ನಿ) ಮಾಡಿಸಿದ್ದೇವೆ ಎಂದು ನಿಶ್ಚಿಂತರಾಗಬೇಡಿ. ಬರೆದುಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ನಮ್ಮ ಕಾನೂನಿನಲ್ಲಿ ಅದರ ಬಲವೂ ಹೋಗುತ್ತದೆ. 2017ರ ಮಾನಸಿಕ ಆರೋಗ್ಯ ಕಾಯಿದೆಯ ಪ್ರಕಾರ ಚಿಕಿತ್ಸೆಯ ವಿಷಯದಲ್ಲಿ ಮಾತನಾಡುವ ಪ್ರತಿನಿಧಿಯನ್ನು ಅವರೇ ಮೊದಲು ನೇಮಿಸಬಹುದು. ಪಿಂಚಣಿಯವರ ಜೀವಂತ ಪ್ರಮಾಣಪತ್ರಕ್ಕೆ ನವೆಂಬರಿನಲ್ಲಿ ಬ್ಯಾಂಕಿಗೆ ಎಳೆದೊಯ್ಯುವ ಅಗತ್ಯವಿಲ್ಲ, ಅಂಚೆಯವರು ಮನೆಗೇ ಬಂದು ಮಾಡಿಕೊಡುವ ವ್ಯವಸ್ಥೆಯಿದೆ.

ಯಾರ ಕೈಗೆ ಒಪ್ಪಿಸಿದರೂ ಒಂದು ಪುಟ ಬರೆದು ಕೊಡಿ. ಅದರಲ್ಲಿ ಕಾಯಿಲೆಯ ವಿವರ ಬೇಡ, ಅದಕ್ಕೆ ಕಡತವಿದೆ. ಅತ್ತೆಯನ್ನು ಕೇಂದ್ರಕ್ಕೆ ಬಿಡುವ ಹಿಂದಿನ ದಿನ ನಾನು ಬರೆದದ್ದು ಹೀಗಿತ್ತು: ಅಮ್ಮ ಎಂದರೆ ತಿರುಗುವುದಿಲ್ಲ, ಟೀಚರ್ ಎನ್ನಿ. ಕಾಫಿ ಸ್ಟೀಲ್ ಲೋಟದಲ್ಲಿ, ಬೆಲ್ಲ ಹಾಕಿ. ತಲೆಗೆ ನೀರು ಹಾಕುವ ಮೊದಲು ಕಾಲಿಗೆ ಹಾಕಿ, ಇಲ್ಲದಿದ್ದರೆ ಕೂಗುತ್ತಾರೆ. ಎಡಗಿವಿ ಕೇಳುವುದಿಲ್ಲ. ರಾತ್ರಿ ಎರಡು ಗಂಟೆಗೆ ಎದ್ದು ಹಾಜರಿ ಪುಸ್ತಕ ಕೇಳುತ್ತಾರೆ. ನೀಲಿ ರಟ್ಟಿನ ನೋಟ್‌ಬುಕ್ ಒಂದನ್ನು ಚೀಲದಲ್ಲಿ ಇಟ್ಟಿದ್ದೇನೆ, ಅದನ್ನು ಕೊಡಿ. ಒಂದೆರಡು ಹೆಸರು ಕೂಗುತ್ತಾರೆ. ಯಾರಾದರೂ "ಹಾಜರ್ ಟೀಚರ್" ಎನ್ನಿ, ಮಲಗುತ್ತಾರೆ.